ವಿದೇಶಿ ಕಂಪನಿ ನಮ್ಮ ಓಪನ್ ಸೋರ್ಸ್ ಲೈಬ್ರರಿಗೆ ದುಡ್ಡು ಕೊಡ್ತೀನಿ ಅಂದ್ರೆ ಯಾವ ಲೆಕ್ಕದಲ್ಲಿ ತಗೊಳ್ಳೋದು?

ಸರಸ್ವತಿಪುರಂ_ಪೈಥಾನ್:
ನುಡಿ ತಂತ್ರಾಂಶದ ಹಳೇ ಆಸ್ಕಿ ಸಂಕೇತದಲ್ಲಿರೋ ಕನ್ನಡ ಪಠ್ಯನ ಈಗಿನ ಯೂನಿಕೋಡ್‌ಗೆ ತಿರುಗಿಸೋ ಲೈಬ್ರರಿ, ಜಿಪಿಎಲ್ ಲೈಸೆನ್ಸ್ (ಯಾರು ಬೇಕಾದ್ರೂ ಬಳಸಿ ತಿದ್ದಬಹುದು, ತಿದ್ದಿ ಹಂಚಿದ್ರೆ ಅದೇ ಲೈಸೆನ್ಸಲ್ಲಿ ಕೊಡ್ಬೇಕು). ನೋಡ್ಕೊಳ್ಳೋರು ಮೂವರು: ಇಬ್ಬರು ಮೈಸೂರು, ಒಬ್ಬರು ಮಂಡ್ಯ. ಹೊರದೇಶದ ಕಂಪನಿಯೊಂದು ತಿಂಗಳಿಗೆ 200 ಡಾಲರ್ ‘ಡೊನೇಷನ್’ ಕೊಡ್ತೀವಿ ಅಂತಿದೆ. ಟ್ರಸ್ಟ್ ಮಾಡಿ ಅದರ ಖಾತೆಗೆ ಹಾಕಿಸ್ಕೊಳ್ಳೋದಾ?

ಲೆಕ್ಕದ_ಪುಸ್ತಕ:
ಟ್ರಸ್ಟ್ ಬೇಡವೇ ಬೇಡ ಸರ್. ಟ್ರಸ್ಟ್‌ಗೆ ವಿದೇಶಿ ದೇಣಿಗೆ ಬರ್ಬೇಕಾದ್ರೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಸ್ಥೆ ಹುಟ್ಟಿ 3 ವರ್ಷ ಆಗಿರ್ಬೇಕು, ಅಷ್ಟರಲ್ಲಿ 15 ಲಕ್ಷ ಖರ್ಚು ತೋರಿಸಿರ್ಬೇಕು. ದುಡ್ಡು ಮೊದಲು ಇಳಿಯೋದೂ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ. 200 ಡಾಲರಿಗೆ ಇಷ್ಟು ಪಾಡಾ?

ಮಾಡಿದ ಕೆಲಸಕ್ಕೆ ಬರೋ ಶುಲ್ಕ ದೇಣಿಗೆ ಅಲ್ಲ. ಒಬ್ಬರು ಸ್ವಂತ ಹೆಸರಲ್ಲಿ ಇನ್‌ವಾಯ್ಸ್ ಕೊಡಿ. ಬ್ಯಾಂಕು ಪರ್ಪಸ್ ಕೋಡ್ (ವಿದೇಶದ ಹಣ ಯಾತಕ್ಕೆ ಬಂತು ಅನ್ನೋ ಸಂಕೇತ) ಕೇಳಿದ್ರೆ ಪಿ0802, ಅಂದ್ರೆ ಸಾಫ್ಟ್‌ವೇರ್ ಕನ್ಸಲ್ಟೆನ್ಸಿ. ಪತ್ರ ವ್ಯವಹಾರದಲ್ಲಿ ‘ಡೊನೇಷನ್’ ಅಂತಿದ್ರೆ ಶಾಖೆಯವರು ಅದನ್ನೇ ಹಿಡ್ಕೊಂಡು ದೇಣಿಗೆ ಕೋಡ್ ಹಾಕ್ಬಿಡ್ತಾರೆ. ಆಮೇಲೆ ತಿದ್ದಿಸೋಕೆ ಅಲೆದಾಟ. ವರ್ಷದ ವಹಿವಾಟು 20 ಲಕ್ಷದೊಳಗಿದ್ರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಈಗಾಗ್ಲೇ ಇದ್ರೆ ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡೋಕೆ ಕೊಡೋ ಮುಚ್ಚಳಿಕೆ ಪತ್ರ) ಹಾಕಿ, ಇಲ್ಲಾಂದ್ರೆ 18% ಕಟ್ಟಿ ರೀಫಂಡ್‌ಗೆ ಕಾಯೋದೇ.

ಒತ್ತಕ್ಷರ:
ಹಂಗಂತ ಹೆಸರು ಬದಲಿಸಿದ್ರೆ ಸಾಲ್ದು, ಕೆಲಸವೂ ಇರ್ಬೇಕು. ಇನ್‌ವಾಯ್ಸಲ್ಲಿ ‘ಸಪೋರ್ಟ್’ ಅಂತ ಒಂದೇ ಪದ ಬರೀಬೇಡಿ. ಉದಾಹರಣೆಗೆ, ನುಡಿ ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ಹಿಂದೆ ಕೂತಿರುತ್ತೆ, ಯೂನಿಕೋಡಲ್ಲಿ ‘ರ್’ ಮುಂದೆ ಬರ್ಬೇಕು. ‘ಸೂರ್ಯ’ ಕೆಡೋದು ಅಲ್ಲೇ, ಗೊತ್ತಲ್ಲ. ಇನ್‌ವಾಯ್ಸಲ್ಲೂ ಅದನ್ನೇ ಬರೀರಿ: ‘ಅರ್ಕಾವತ್ತಿನ ಸ್ಥಾನ ಸರಿಪಡಿಸಿದ್ದು, ಪರೀಕ್ಷೆ ಸೇರಿಸಿದ್ದು, 5 ಗಂಟೆ’. ಒಪ್ಪಂದದಲ್ಲಿ ತಿಂಗಳಿಗೆ ಎಷ್ಟು ಗಂಟೆ, ಎಷ್ಟು ದಿನದಲ್ಲಿ ಉತ್ತರ, ಎರಡೂ ಇರ್ಲಿ. ತಿದ್ದುಪಡಿ ಜಿಪಿಎಲ್‌ನಲ್ಲೇ ಹೊರಗೆ ಬರುತ್ತೆ ಅನ್ನೋ ಸಾಲನ್ನ ಮಾತ್ರ ಮರೀಬೇಡಿ.

ಕಟ್ಟೆ_ನಾಲೆ:
ನಾಳೆ ಆ ಕಂಪನಿಯವರು ಜಿಪಿಎಲ್ ಷರತ್ತಿಲ್ಲದ ಕಮರ್ಷಿಯಲ್ ಲೈಸೆನ್ಸ್ ಕೇಳಬಹುದು. ಕೋಡ್ ಕೊಟ್ಟವರೆಲ್ಲರ ಒಪ್ಪಿಗೆ ಇಲ್ದೆ ಅದು ಆಗಲ್ಲ. ಈಗಿನಿಂದಲೇ ಹೊರಗಿನವರು ಕಳಿಸೋ ಪ್ರತಿ ತಿದ್ದುಪಡಿಗೂ ಸಿಎಲ್‌ಎ (ಕೋಡಿನ ಹಕ್ಕಿನ ಬಗ್ಗೆ ಬರೆದುಕೊಡೋ ಒಪ್ಪಿಗೆ ಪತ್ರ) ತಗೊಳ್ಳಿ. ಬೇರೆ ದಾರಿ ಅಂದ್ರೆ, ಷೇರು ಬ್ರೋಕರ್ ಕಂಪನಿ ಝೆರೋಧಾ ಓಪನ್ ಸೋರ್ಸ್ ಯೋಜನೆಗಳಿಗೆ ಕೊಡೋ ಫ್ಲಾಸ್ ಫಂಡ್ 2024ರಲ್ಲಿ ಶುರುವಾಗಿದೆ, ಆದ್ರೆ ಅಲ್ಲಿ ಕನಿಷ್ಠ ಮೊತ್ತವೇ 10,000 ಡಾಲರ್. ಕೇಳೋಕೆ ರೆಪೊಸಿಟರಿಯಲ್ಲಿ ‘ಫಂಡಿಂಗ್ ಡಾಟ್ ಜೇಸನ್’ ಫೈಲ್ ಬೇಕು. ನಿಮ್ಮ ಲೈಬ್ರರಿಗೆ ಅದು ದೊಡ್ಡದಾಯ್ತು ಅನ್ಸುತ್ತೆ.

ಸರಸ್ವತಿಪುರಂ_ಪೈಥಾನ್:
ಸರಿ, ಟ್ರಸ್ಟ್ ಕೈಬಿಟ್ವಿ. ಮೂರು ಜನಕ್ಕೆ ಹಂಚೋದು?

ಲೆಕ್ಕದ_ಪುಸ್ತಕ:
ಉಳಿದಿಬ್ಬರೂ ನಿಮಗೆ ರೂಪಾಯಿಯಲ್ಲಿ ಬಿಲ್ ಕೊಡ್ಲಿ, ನೀವು ಬ್ಯಾಂಕಿಂದಲೇ ಕಳಿಸಿ. ದಾಖಲೆ ಇಲ್ದೆ ನಗದು ಕೊಟ್ರೆ ಪೂರ್ತಿ ಮೊತ್ತ ನಿಮ್ಮ ಆದಾಯದ ತಲೆಗೇ ಬರಬಹುದು.