ಆರು ಫ್ಯಾನ್ ಇದ್ದರೂ ಪಿಸಿ ಕೇಸ್ ಒಳಗೆ ಬಿಸಿ: ಯಾವ ಫ್ಯಾನ್ ಯಾವ ಕಡೆ ಮುಖ ಮಾಡಿರಬೇಕು? ಅನುಭವ ಹೇಳಿ

ಕಲಬುರಗಿಯಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಅಂತ ಒಂದು ಪಿಸಿ ಕಟ್ಟಿಸಿದ್ದೇವೆ. ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಮೇಲೆ ಒಂದೇ ಫ್ಯಾನಿನ ಟವರ್ ಕೂಲರ್. ಕೇಸ್ ಈಗ ಎಲ್ಲರೂ ತಗೊಳ್ಳುವ ಅಕ್ವೇರಿಯಂ ಮಾದರಿಯದು, ಮುಂದೆ ಮತ್ತು ಎಡಗಡೆ ಗಾಜು. ಬಲ ಪಕ್ಕದಲ್ಲಿ 3, ಮೇಲೆ 2, ಹಿಂದೆ 1, ಒಟ್ಟು 6 ಆರ್‌ಜಿಬಿ (ಬಣ್ಣದ ಲೈಟಿನ) ಫ್ಯಾನ್. ಅಂಗಡಿಯವರೇ ಜೋಡಿಸಿ ಕೊಟ್ಟಿದ್ದು. ನೋಡೋಕೆ ಚೆಂದ. ಆದರೆ ಅರ್ಧ ಗಂಟೆ ಗೇಮ್ ಆಡಿದರೆ ಸಿಪಿಯು (ಪ್ರೊಸೆಸರ್) 84, ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿ, ಕಾರ್ಡಿನ ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ರೂಮಿನಲ್ಲಿ 36 ಡಿಗ್ರಿ, ಎಸಿ ಇಲ್ಲ. ಅಂಗಡಿಯಲ್ಲಿ ಕೇಳಿದರೆ ನಮ್ಮೂರ ಬಿಸಿಲಿಗೆ ಇದೆಲ್ಲ ನಾರ್ಮಲ್, ಬೇಕಾದರೆ ಲಿಕ್ವಿಡ್ ಕೂಲರ್ ಹಾಕಿಸಿ ಅಂದರು. ಅಷ್ಟು ದುಡ್ಡು ಸುರಿಯುವ ಮುಂಚೆ ಫ್ಯಾನ್ ದಿಕ್ಕು ಸರಿ ಇದೆಯಾ ನೋಡಬೇಕು. ತಮ್ಮ ಬಿಚ್ಚೋಕೆ ಹೆದರುತ್ತಾನೆ, ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಅಕ್ಕನ ಪಾಲಿಗೆ ಬಂದಿದೆ. ದಿಕ್ಕು ಬದಲಾಯಿಸಿ ನೋಡಿದವರು ಏನಾಯಿತು ಅಂತ ಹೇಳಿ.

ಹುಬ್ಬಳ್ಳಿಯಿಂದ:

ಅಕ್ಕಾ, ಮೊದಲು ದಿಕ್ಕು ಗುರುತು ಹಿಡಿಯುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಸಾಮಾನ್ಯ ಫ್ಯಾನಿನಲ್ಲಿ ಒಂದು ಕಡೆ ರೆಕ್ಕೆಗಳು ಬರಿದಾಗಿ ಕಾಣುತ್ತವೆ, ಇನ್ನೊಂದು ಕಡೆ ಮೋಟರನ್ನು ಹಿಡಿದುಕೊಂಡಿರುವ ಮೂರು ನಾಲ್ಕು ಕಡ್ಡಿಗಳಿರುತ್ತವೆ, ವೈರು ಹೊರಡುವುದೂ ಅಲ್ಲಿಂದಲೇ. ಗಾಳಿ ಬರಿ ಮುಖದಿಂದ ಒಳಗೆ ಹೋಗಿ ಕಡ್ಡಿ ಇರುವ ಕಡೆಯಿಂದ ಆಚೆ ಬರುತ್ತದೆ. ಕೆಲವು ಫ್ಯಾನಿನ ಚೌಕಟ್ಟಿನ ಅಂಚಿನಲ್ಲಿ ಎರಡು ಸಣ್ಣ ಬಾಣಗಳೂ ಇರುತ್ತವೆ, ಒಂದು ರೆಕ್ಕೆ ತಿರುಗುವ ದಿಕ್ಕಿಗೆ, ಇನ್ನೊಂದು ಗಾಳಿ ಹೋಗುವ ದಿಕ್ಕಿಗೆ. ಕಪ್ಪು ಪ್ಲಾಸ್ಟಿಕ್ ಮೇಲೆ ಕಪ್ಪು ಬಾಣ, ಟಾರ್ಚ್ ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತದೆ.

ಆದರೆ ಈಗ ರಿವರ್ಸ್ ಬ್ಲೇಡ್ ಅಂತ ಬೇರೆ ಬರುತ್ತಿವೆ. ಅವು ಉಲ್ಟಾ, ಕಡ್ಡಿ ಇರುವ ಕಡೆಯಿಂದ ಎಳೆದು ಕಡ್ಡಿ ಇಲ್ಲದ ಚೆಂದದ ಮುಖದ ಕಡೆ ಬಿಡುತ್ತವೆ. ಹಾಗಾಗಿ ಕಣ್ಣನ್ನು ಪೂರ್ತಿ ನಂಬಬೇಡಿ. ಟಿಶ್ಯೂ ಪೇಪರನ್ನು ಎರಡು ಬೆರಳಗಲ ಹರಿದು ಕೇಸಿನ ಹೊರಗಿನಿಂದ ಪ್ರತಿ ಫ್ಯಾನಿನ ಹತ್ತಿರ ಹಿಡಿಯಿರಿ. ಜಾಲರಿಗೆ ಅಂಟಿಕೊಂಡರೆ ಇನ್‌ಟೇಕ್ (ಗಾಳಿ ಒಳಗೆ ಎಳೆಯುವುದು), ಹಾರಿ ಆಚೆ ಹೋದರೆ ಎಕ್ಸಾಸ್ಟ್ (ಹೊರಗೆ ತಳ್ಳುವುದು). ಊದುಬತ್ತಿ ಹೊಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಬೂದಿ ಮಾತ್ರ ಒಳಗೆ ಬೀಳದಂತೆ ನೋಡಿಕೊಳ್ಳಿ.

ಇನ್ನೊಂದು, ಆಟಿಕೆ ಮೋಟರಿನ ಥರ ಪ್ಲಸ್ ಮೈನಸ್ ಅದಲು ಬದಲು ಮಾಡಿ ಫ್ಯಾನನ್ನು ಉಲ್ಟಾ ತಿರುಗಿಸಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇವು ಬ್ರಷ್‌ಲೆಸ್, ಒಳಗಿನ ಸರ್ಕ್ಯೂಟ್ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ವೈರ್ ಬದಲಿಸಿದರೆ ತಿರುಗುವುದೇ ಇಲ್ಲ, ಸುಟ್ಟುಹೋದರೂ ಹೋಯಿತು. ಬಿಚ್ಚಿ ಮಗುಚಿ ಹಾಕಬೇಕು, ಬೇರೆ ದಾರಿ ಇಲ್ಲ.

ಬೆಂಗಳೂರಿನಿಂದ:

ಮೇಡಂ, ಎಡಗಡೆಯ ಗಾಜಿನಿಂದ ನೋಡಿದಾಗ ಆರೂ ಫ್ಯಾನಿನ ಚೆಂದದ ಮುಖವೇ ಕಾಣುತ್ತದಾ? ಹಾಗಿದ್ದರೆ ನಿಮ್ಮ ಕೇಸಿನಲ್ಲಿ ಆರೂ ಎಕ್ಸಾಸ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಎಸ್‌ಪಿ ರೋಡಿನಿಂದ ಪಾರ್ಟ್ಸ್ ತಂದು ಗೆಳೆಯರಿಗೆ ಕಟ್ಟಿಕೊಡುತ್ತಿರುತ್ತೇನೆ, ಈ ಅಕ್ವೇರಿಯಂ ಕೇಸ್ ಬಂದಮೇಲೆ ಇದನ್ನು ಪದೇ ಪದೇ ನೋಡುತ್ತಿದ್ದೇನೆ. ಹಳೆ ಕೇಸಿನಲ್ಲಿ ಇನ್‌ಟೇಕ್ ಫ್ಯಾನ್ ಮುಂದೆ ಇರುತ್ತಿತ್ತು, ಚೆಂದದ ಮುಖ ಹೊರಗೆ ನಮ್ಮ ಕಡೆಗೇ ಇರುತ್ತಿತ್ತು, ಲೈಟಿಗೂ ಗಾಳಿಗೂ ಜಗಳವೇ ಇರಲಿಲ್ಲ. ಇದರಲ್ಲಿ ಇನ್‌ಟೇಕ್ ಬಲ ಪಕ್ಕದಲ್ಲಿ, ಮದರ್‌ಬೋರ್ಡಿನ ಮುಂದೆ. ಅಲ್ಲಿ ಸಾಮಾನ್ಯ ಫ್ಯಾನನ್ನು ಸರಿಯಾಗಿ ಹಾಕಿದರೆ ಗಾಜಿನಿಂದ ನೋಡುವವರಿಗೆ ಕಾಣುವುದು ಅದರ ಬೆನ್ನು, ಕಡ್ಡಿ, ಸ್ಟಿಕ್ಕರು, ವೈರು. ಗಿರಾಕಿಗೆ ಚೆಂದ ಕಾಣಲಿ ಅಂತ ತಿರುಗಿಸಿ ಹಾಕಿಬಿಡುತ್ತಾರೆ. ಆಗ ಒಳಗೆ ಬರಬೇಕಾದ ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ.

ಆರು ಫ್ಯಾನೂ ಹೊರಗೆ ಎಳೆಯುತ್ತಿದ್ದರೆ ಬಿಸಿ ಬೇಗ ಹೋಗಬೇಕಲ್ವಾ ಅಂತ ಅನಿಸುತ್ತದೆ. ಆದರೆ ಹೋಗುವಷ್ಟೇ ಗಾಳಿ ಒಳಗೂ ಬರಬೇಕಲ್ಲ, ಬರುವುದು ಎಲ್ಲಿಂದ? ಸಂದಿಗಳಿಂದ. ಆರು ಫ್ಯಾನ್ ಅದೇ ಸಂದಿಯ ಗಾಳಿಗೆ ಕಿತ್ತಾಡುತ್ತವೆ. ಒಂದು ಗುರುತು ಹೇಳುತ್ತೇನೆ, ಕೇಸಿನ ಹಿಂದೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೆಳಗೆ ಉದ್ದುದ್ದ ಲೋಹದ ಪಟ್ಟಿಗಳಿವೆ ನೋಡಿ, ಸ್ಲಾಟ್ ಕವರ್. ಅವುಗಳ ಸಂದಿಯಲ್ಲಿ ಒಳಮುಖವಾಗಿ ಧೂಳು ಗೆರೆ ಕಟ್ಟಿದ್ದರೆ ಗಾಳಿ ಅಲ್ಲಿಂದ ನುಗ್ಗುತ್ತಿದೆ ಅಂತ ಅರ್ಥ. ಟಿಶ್ಯೂ ಬೇಕಾಗಿಯೇ ಇಲ್ಲ.

ಎಷ್ಟು ಗಾಳಿ ಬೇಕು ಅನ್ನುವುದಕ್ಕೆ ಒಂದು ಲೆಕ್ಕ. 3060 ಕಾರ್ಡ್ 170 ವ್ಯಾಟ್‌ವರೆಗೆ ತಿನ್ನುತ್ತದೆ, ಗೇಮ್ ಆಡುವಾಗ ನಿಮ್ಮ ಪ್ರೊಸೆಸರ್ 60-65 ಅಂದುಕೊಳ್ಳಿ, ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ ಸೇರಿ 250 ಅಂತ ಇಟ್ಟುಕೊಳ್ಳೋಣ. ಇಷ್ಟು ಶಾಖವನ್ನು ಹೊತ್ತ ಗಾಳಿ ರೂಮಿಗಿಂತ 10 ಡಿಗ್ರಿ ಮಾತ್ರ ಜಾಸ್ತಿ ಬಿಸಿಯಾಗಿ ಹೊರಬೀಳಬೇಕಾದರೆ ನಿಮಿಷಕ್ಕೆ ಸುಮಾರು 44 ಘನ ಅಡಿ (ಸಿಎಫ್‌ಎಂ) ಗಾಳಿ ಹಾಯಬೇಕು. ಅದರ ಅರ್ಧ ಹಾಯ್ದರೆ 20 ಡಿಗ್ರಿ ಏರುತ್ತದೆ. ಒಂದು ಸಾಧಾರಣ 120 ಎಂಎಂ ಫ್ಯಾನಿನ ಡಬ್ಬಿ ಮೇಲೆ 50-60 ಸಿಎಫ್‌ಎಂ ಅಂತ ಬರೆದಿರುತ್ತದೆ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ, ಫಿಲ್ಟರ್ ಜಾಲರಿ ದಾಟುವಾಗ ಸಾಕಷ್ಟು ಕಮ್ಮಿಯಾಗುತ್ತದೆ. ಆದರೂ ಸರಿಯಾದ ದಿಕ್ಕಿನ ಎರಡು ಮೂರು ಫ್ಯಾನ್ ಈ ಕೆಲಸಕ್ಕೆ ಸಾಕು. ಆರು ಬೇಕಾಗಿರುವುದು ಲೈಟಿಗೆ.

ನಾನಾದರೆ ಹೀಗೆ ಮಾಡುತ್ತೇನೆ. ಪಕ್ಕದ ಮೂರನ್ನೂ ಮಗುಚಿ ಇನ್‌ಟೇಕ್ ಮಾಡುತ್ತೇನೆ. ಹಿಂದಿನದು ಎಕ್ಸಾಸ್ಟ್ ಆಗಿಯೇ ಇರಲಿ. ಮೇಲಿನ ಎರಡರಲ್ಲಿ ಹಿಂಬದಿಯದು, ಅಂದರೆ ಕೂಲರ್ ದಾಟಿದ ಮೇಲಿನದು ಇರಲಿ, ಮುಂದಿನದನ್ನು ತೆಗೆದುಬಿಡಿ. ಅದು ಈಗಷ್ಟೇ ಒಳಗೆ ಬಂದ ತಣ್ಣನೆ ಗಾಳಿಯನ್ನು ಕೂಲರ್ ತಲುಪುವ ಮೊದಲೇ ಎತ್ತಿ ಆಚೆ ಎಸೆಯುತ್ತದೆ. ತೆಗೆದದ್ದನ್ನು ಕೇಸಿನ ತಳದಲ್ಲಿ ಜಾಗ ಇದ್ದರೆ ಮೇಲ್ಮುಖವಾಗಿ ಇನ್‌ಟೇಕ್ ಹಾಕಿ, ಗಾಳಿ ನೇರ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಸಿಗುತ್ತದೆ. ನಿಮ್ಮ ಕೇಸಿನಲ್ಲಿ ದೊಡ್ಡ ಲಾಭ ಅದರಿಂದಲೇ ಅಂತ ನನ್ನ ಅಂದಾಜು. ಟವರ್ ಕೂಲರಿನ ಫ್ಯಾನ್ ಕೂಡ ಹಿಂದಕ್ಕೆ ಊದುತ್ತಿದೆಯಾ ನೋಡಿ. ಅದು ಮುಂದಕ್ಕೆ ಊದುತ್ತಿದ್ದರೆ ಹಿಂದಿನ ಎಕ್ಸಾಸ್ಟ್ ಜೊತೆ ಹಗ್ಗಜಗ್ಗಾಟ.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಮೇಲೆ ಎಕ್ಸಾಸ್ಟ್ ಇಲ್ಲದಿದ್ದರೆ ಕೆಟ್ಟೇಹೋಯಿತು ಅಂತ ಹೇಳುವವರು ಇರುತ್ತಾರೆ. ಫ್ಯಾನ್ ತಿರುಗುತ್ತಿರುವ ಕೇಸಿನಲ್ಲಿ ತಾನಾಗಿ ಮೇಲೇರುವ ಗಾಳಿಯ ಪಾಲು ತೀರಾ ಸಣ್ಣದು. ಮೇಲೆ ಎಕ್ಸಾಸ್ಟ್ ಇಡುವುದು ಒಳ್ಳೆಯ ಪದ್ಧತಿಯೇ, ಆದರೆ ಗಾಳಿ ಹೋಗುವುದು ಫ್ಯಾನ್ ತಳ್ಳಿದ ಕಡೆಗೆ.

ಮಂಗಳೂರಿನಿಂದ:

ಮಾರಾಯ್ರೇ, ನಮ್ಮಲ್ಲಿ ಶಾಖಕ್ಕಿಂತ ತೇವದ ಧೂಳಿನದ್ದೇ ಗೋಳು. ಒಣ ಧೂಳಾದರೆ ಊದಿದರೆ ಹಾರುತ್ತದೆ, ಇಲ್ಲಿ ಮಳೆಗಾಲದಲ್ಲಿ ಅದು ರೆಕ್ಕೆಯ ಅಂಚಿಗೆ ಅಂಟಿ ಕೂರುತ್ತದೆ, ಬ್ರಷ್ ಹಾಕಿ ಉಜ್ಜಬೇಕು. ಹೊರಗೆ ತಳ್ಳುವುದಕ್ಕಿಂತ ಒಳಗೆ ಬರುವ ಗಾಳಿ ಸ್ವಲ್ಪ ಜಾಸ್ತಿ ಇರುವ ಹಾಗೆ ಮಾಡಿದ ಮೇಲೆ ನಮ್ಮದು ಎಷ್ಟೋ ವಾಸಿ. ಒಳಗೆ ಒತ್ತಡ ತುಸು ಜಾಸ್ತಿ ಇದ್ದರೆ ಸಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ, ಧೂಳು ಅಲ್ಲಿಂದ ನುಗ್ಗುವುದಿಲ್ಲ, ಬರುವುದೆಲ್ಲ ಫಿಲ್ಟರ್ ದಾಟಿಯೇ ಬರುತ್ತದೆ. ಆ ಫಿಲ್ಟರನ್ನು ಆಗಾಗ ತೊಳೆಯುವ ಕೆಲಸ ಒಂದು ತಪ್ಪುವುದಿಲ್ಲ. ಅದು ಕಟ್ಟಿಕೊಂಡರೆ ಒಳಗೆ ಬರುವುದು ಕಮ್ಮಿಯಾಗಿ ಮತ್ತೆ ಸಂದಿಯಿಂದ ಎಳೆಯಲು ಶುರುವಾಗುತ್ತದೆ.

ಫಿಲ್ಟರ್ ಇಲ್ಲದ ಕಡೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ. ಹಲ್ಲಿ, ಇರುವೆ ಒಳಗೆ ಹೋಗದಿದ್ದರೆ ಅದೇ ದೊಡ್ಡದು ನಮಗೆ! ಗಾಳಿ ಸ್ವಲ್ಪ ಕಮ್ಮಿಯಾಗುತ್ತದೆ, ಎರಡು ಪದರ ಮಾತ್ರ ಹಾಕಬೇಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ದಾವಣಗೆರೆಯಿಂದ:

ನನ್ನ ಅನುಭವ ಸ್ವಲ್ಪ ಬೇರೆ. ದಿಕ್ಕೆಲ್ಲ ಸರಿ ಮಾಡಿದರೂ ನನಗೆ ಸಿಕ್ಕಿದ್ದು ಒಂದೆರಡು ಡಿಗ್ರಿ. ಬಡಗಿ ಹತ್ತಿರ ಮಾಡಿಸಿದ ಕಂಪ್ಯೂಟರ್ ಟೇಬಲ್, ಅದರಲ್ಲಿ ಕೇಸ್ ಇಡಲು ಬಾಗಿಲಿರುವ ಗೂಡು, ಹಿಂದೆ ಪ್ಲೈವುಡ್, ವೈರ್ ಹೋಗಲು ಮುಷ್ಟಿಯಷ್ಟು ತೂತು. ಹಿಂದಿನ ಫ್ಯಾನ್ ಊದಿದ ಬಿಸಿ ಗಾಳಿ ಪ್ಲೈವುಡ್‌ಗೆ ಬಡಿದು ಸುತ್ತಿ ಮುಂದಿನಿಂದ ಮತ್ತೆ ಒಳಗೆ. ಗೂಡಿನೊಳಗೆ ಅಡುಗೆ ಮನೆಯ ಥರ್ಮಾಮೀಟರ್ ಇಟ್ಟು ನೋಡಿದರೆ ರೂಮಿಗಿಂತ 9 ಡಿಗ್ರಿ ಜಾಸ್ತಿ. ಕೇಸನ್ನು ಗೂಡಿನಿಂದ ಎಳೆದು ಹೊರಗಿಟ್ಟ ದಿನ ಅಷ್ಟೂ ಡಿಗ್ರಿ ಇಳಿಯಿತು, ಒಂದು ಸ್ಕ್ರೂ ಬಿಚ್ಚದೆ. ಅಕ್ಕಾ, ನಿಮ್ಮದು ಎಲ್ಲಿ ಇಟ್ಟಿದ್ದೀರಿ?

ಮೈಸೂರಿನಿಂದ:

ಲಿಕ್ವಿಡ್ ಕೂಲರ್ ಬಗ್ಗೆ ಮಾತ್ರ ಒಂದು ಮಾತು, ನನ್ನ ಹತ್ತಿರ ಇರುವುದು 240 ಎಂಎಂ ರೇಡಿಯೇಟರಿನದು. ಅದು ಶಾಖವನ್ನು ಮಾಯ ಮಾಡುವುದಿಲ್ಲ, ಪ್ರೊಸೆಸರ್ ಮೇಲಿನಿಂದ ರೇಡಿಯೇಟರಿಗೆ ಒಯ್ಯುತ್ತದೆ ಅಷ್ಟೇ, ಅಲ್ಲಿಂದ ಹೊರಗೆ ಹಾಕುವುದು ಮತ್ತೆ ಫ್ಯಾನೇ. ಮುಂದೆ ಇನ್‌ಟೇಕ್ ಮಾಡಿ ಹಾಕಿದಾಗ ಸಿಪಿಯು ತಣ್ಣಗಿತ್ತು, ಆದರೆ ರೇಡಿಯೇಟರ್ ದಾಟಿ ಬಿಸಿಯಾದ ಗಾಳಿ ಗ್ರಾಫಿಕ್ಸ್ ಕಾರ್ಡಿಗೆ ಸಿಗುತ್ತಿತ್ತು. ಮೇಲೆ ಎಕ್ಸಾಸ್ಟ್ ಮಾಡಿದಾಗ ಸಿಪಿಯು ಸ್ವಲ್ಪ ಏರಿತು, ಕಾರ್ಡ್ ಇಳಿಯಿತು. ಗೇಮ್‌ಗಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಎಲ್ಲಿ ಹಾಕಿದರೂ ದ್ರವ ಓಡಿಸುವ ಪಂಪ್ ಇಡೀ ಲೂಪಿನ (ಕೊಳವೆಯ ಸುತ್ತಿನ) ಅತಿ ಎತ್ತರದ ಜಾಗ ಆಗಬಾರದು, ಗುಳ್ಳೆ ಅಲ್ಲಿ ಸೇರಿ ಗೊರಗೊರ ಅನ್ನುತ್ತದೆ, ಬೇಗ ಹಾಳಾಗುತ್ತದೆ. 12400ಎಫ್‌ಗೆ ಇದೆಲ್ಲ ಬೇಕಾಗಿಯೇ ಇಲ್ಲ, ಅದು 65 ವ್ಯಾಟಿನದು, ಟರ್ಬೋದಲ್ಲಿ ಜಾಸ್ತಿ ಅಂದರೆ 117.

ಅಂದಹಾಗೆ ದಿಕ್ಕಿನ ಗೊಂದಲ ಹಳೆಯದು. 1995ರಲ್ಲಿ ಇಂಟೆಲ್ ಎಟಿಎಕ್ಸ್ (ಮದರ್‌ಬೋರ್ಡ್, ಕೇಸುಗಳ ಮಾನದಂಡ) ತಂದಾಗ ಪವರ್ ಸಪ್ಲೈ ಫ್ಯಾನ್ ಗಾಳಿಯನ್ನು ಒಳಗೆ ಊದಿ ಪ್ರೊಸೆಸರ್ ಮೇಲೆ ಹಾಯಿಸಬೇಕು ಅಂತ ಇತ್ತು. ಪವರ್ ಸಪ್ಲೈ ಕಾದ ಗಾಳಿಯೇ ಪ್ರೊಸೆಸರಿಗೆ ಬಂದರೆ ಏನು ಪ್ರಯೋಜನ? ಆಮೇಲೆ ಅದನ್ನು ಬದಲಾಯಿಸಿ ಹೊರಗೆ ಊದುವ ಹಾಗೆ ಮಾಡಿದರು.

ಕಲಬುರಗಿಯಿಂದ, ಮರುದಿನ:

ಎಲ್ಲರಿಗೂ ಥ್ಯಾಂಕ್ಸ್. ಟಿಶ್ಯೂ ಹಿಡಿದರೆ ಆರೂ ಕಡೆ ಹಾರಿ ಹೋಯಿತು, ಬೆಂಗಳೂರಿನವರು ಹೇಳಿದ್ದೇ ನಿಜ. ಹಿಂದಿನ ಸ್ಲಾಟ್ ಪಟ್ಟಿಗಳ ಹತ್ತಿರ ಹಿಡಿದಾಗ ಪೇಪರ್ ಪಟಕ್ಕನೆ ಅಂಟಿಕೊಂಡಿತು. ಸಂದಿಯಲ್ಲಿ ಬೂದಿ ಬಣ್ಣದ ಧೂಳು ಎಷ್ಟಿತ್ತು ಅಂದರೆ ಉಗುರಲ್ಲಿ ಎಬ್ಬಿಸಿದರೆ ದಾರದ ಹಾಗೆ ಉದ್ದಕ್ಕೆ ಬಂತು. ಪಕ್ಕದ ಮೂರನ್ನೂ ಮಗುಚಿ ಹಾಕಿದೆ, ಮೇಲಿನ ಮುಂದಿನದನ್ನು ತೆಗೆದು ತಳಕ್ಕೆ ಹಾಕಿದೆ.

ಟೇಬಲ್ ವಿಷಯ ಕೇಳಿದಿರಲ್ಲ, ಗೂಡಿಲ್ಲ, ಆದರೆ ಕೇಸಿನ ಬಲ ಪಕ್ಕ ಗೋಡೆಗೆ ಆನಿಸಿತ್ತು. ಗಾಜು ನಮ್ಮ ಕಡೆ ಕಾಣಲಿ ಅಂತ. ಗಾಳಿ ಒಳಗೆ ಬರಬೇಕಾದ ಜಾಲರಿಯೇ ಆ ಕಡೆ! ಈಗ ಒಂದು ಗೇಣು ಮುಂದಕ್ಕೆ ಸರಿಸಿದ್ದೇವೆ.

ಅದೇ ಗೇಮ್, ಅಷ್ಟೇ ಹೊತ್ತು. ರೂಮಿನಲ್ಲಿ ಇವತ್ತು 37. ಸಿಪಿಯು 77, ಕಾರ್ಡ್ 73. ಕಾರ್ಡಿನ ಫ್ಯಾನ್ ಸದ್ದು ಅರ್ಧಕ್ಕೆ ಇಳಿದಿದೆ. ತಮ್ಮನಿಗೆ ಬೇಜಾರು, ಪಕ್ಕದ ಮೂರು ಫ್ಯಾನಿನ ಲೈಟು ಮೊದಲಿನಷ್ಟು ಕಾಣಲ್ಲವಂತೆ. ಒಂದು ಅನುಮಾನ ಉಳಿದಿದೆ. ಫ್ಯಾನ್‌ಗಳೆಲ್ಲ ಯಾವಾಗಲೂ ಒಂದೇ ಸ್ಪೀಡಲ್ಲಿ ಓಡುತ್ತವೆ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ) ಬದಲಾಯಿಸಿದರೂ ಕೇಳುವುದಿಲ್ಲ.

ಬೆಂಗಳೂರಿನಿಂದ:

ರೂಮು 1 ಡಿಗ್ರಿ ಏರಿದ್ದನ್ನೂ ಲೆಕ್ಕಕ್ಕೆ ತಗೊಂಡರೆ ಕಾರ್ಡಿನಲ್ಲಿ 11, ಸಿಪಿಯುನಲ್ಲಿ 8 ಡಿಗ್ರಿ ಇಳಿದಿದೆ ಮೇಡಂ. ಯಾವಾಗಲೂ ಹೀಗೆ ರೂಮಿನ ಡಿಗ್ರಿ ಕಳೆದೇ ನೋಡಿ, ಇಲ್ಲದಿದ್ದರೆ ಡಿಸೆಂಬರಿನಲ್ಲಿ ಎಲ್ಲ ಸರಿ ಇದೆ ಅನಿಸಿ ಮೇ ತಿಂಗಳಲ್ಲಿ ಗಾಬರಿಯಾಗುತ್ತೀರಿ. 37ರ ರೂಮಿನಲ್ಲಿ 73 ಅಂದರೆ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ತಮ್ಮನಿಗೆ ಲೈಟು ಬೇಕೇ ಬೇಕಾದರೆ ಆ ಮೂರರ ಜಾಗಕ್ಕೆ ರಿವರ್ಸ್ ಬ್ಲೇಡ್ ತಗೊಳ್ಳಲಿ, ಅವನ ದುಡ್ಡಲ್ಲಿ.

ಸ್ಪೀಡ್ ಬದಲಾಗದಿದ್ದರೆ ವೈರ್ ಎಲ್ಲಿಗೆ ಹೋಗಿದೆ ನೋಡಿ. ಪವರ್ ಸಪ್ಲೈನಿಂದ ಬರುವ ದಪ್ಪನೆಯ 4 ಪಿನ್ನಿನ ಮೊಲೆಕ್ಸ್‌ಗೆ ನೇರ ಚುಚ್ಚಿದ್ದರೆ ಅವು ಯಾವಾಗಲೂ ಫುಲ್ ಸ್ಪೀಡೇ, ಬಯಾಸ್ ಏನೂ ಮಾಡಲಾಗದು. ಮದರ್‌ಬೋರ್ಡಿನ ಫ್ಯಾನ್ ಹೆಡರ್‌ನಲ್ಲಿ (ಫ್ಯಾನ್ ವೈರ್ ಚುಚ್ಚುವ ಪಿನ್ನುಗಳಲ್ಲಿ) ಇದ್ದರೆ, 3 ಪಿನ್ ಫ್ಯಾನಿಗೆ ಬಯಾಸ್‌ನಲ್ಲಿ ಡಿಸಿ ಮೋಡ್, 4 ಪಿನ್ನಿನದಕ್ಕೆ ಪಿಡಬ್ಲ್ಯುಎಂ ಮೋಡ್ ಇರಬೇಕು. 3 ಪಿನ್ನಿನದನ್ನು ಪಿಡಬ್ಲ್ಯುಎಂನಲ್ಲಿ ಬಿಟ್ಟರೆ ಅದೂ ಫುಲ್ ಓಡುತ್ತದೆ. ಒಂದೇ ಹೆಡರ್‌ಗೆ ಆರನ್ನೂ ಸಿಕ್ಕಿಸಬೇಡಿ, ಸಾಮಾನ್ಯವಾಗಿ ಒಂದು ಹೆಡರ್ ತಾಳುವುದು 1 ಆಂಪಿಯರ್. ಫ್ಯಾನಿನ ಸ್ಟಿಕ್ಕರ್ ಮೇಲೆ ಆಂಪಿಯರ್ ಬರೆದಿರುತ್ತದೆ, ಅದರ ಫೋಟೋ ಹಾಕಿ, ಯಾವುದನ್ನು ಎಲ್ಲಿಗೆ ಚುಚ್ಚಬೇಕು ಹೇಳುತ್ತೇನೆ.