‘ಅನ್‌ಸಬ್‌ಸ್ಕ್ರೈಬ್’ ಗುಂಡಿಯ ಮೇಲೆ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ತಾಳಮದ್ದಳೆ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ತಿಂಗಳ ಕೂಟಗಳ ವಿವರವನ್ನು ಇಮೇಲಿನಲ್ಲಿ ಕಳಿಸಲು ವರ್ಡ್‌ಪ್ರೆಸ್‌ಗೆ (ನಮ್ಮ ಸೈಟ್ ನಡೆಸುವ ತಂತ್ರಾಂಶ) ಒಂದು ನ್ಯೂಸ್‌ಲೆಟರ್ ಪ್ಲಗಿನ್ (ಅದಕ್ಕೆ ಜೋಡಿಸುವ ಹೆಚ್ಚುವರಿ ತುಣುಕು) ಹಾಕಿದ್ದೇವೆ. ಅದರ ಇಂಗ್ಲಿಷ್ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಬ್‌ಸ್ಕ್ರೈಬ್ (ಪತ್ರ ಬೇಕು ಅಂತ ಪಟ್ಟಿಗೆ ಸೇರುವುದು), ಅನ್‌ಸಬ್‌ಸ್ಕ್ರೈಬ್ (ಪಟ್ಟಿಯಿಂದ ಹೊರಬರುವುದು) ಎರಡೂ ಬಗೆಹರಿಯುತ್ತಿಲ್ಲ.

ಸಾಮಾನ್ಯವಾಗಿ ಕಾಣುವುದು ‘ಚಂದಾದಾರರಾಗಿ’, ‘ಚಂದಾ ರದ್ದುಮಾಡಿ’. ಪತ್ರಿಕೆ ತರಿಸುವವರಿಗೆ ಇದು ಸರಿ. ವಾರ್ಷಿಕ ಚಂದಾ, ಆಜೀವ ಚಂದಾ ಅಂತ ಅಲ್ಲಿ ದುಡ್ಡು ಕೊಟ್ಟಿರುತ್ತಾರೆ. ನಮ್ಮದು ಪುಕ್ಕಟೆ ಪತ್ರ. ಚಂದಾ ಅಂದ ಕೂಡಲೇ ಹಿರಿಯರಿಗೆ ರಶೀದಿ ಪುಸ್ತಕ ನೆನಪಾಗುತ್ತದೆ. ಒಬ್ಬರು ಫೋನ್ ಮಾಡಿ “ಚಂದಾ ಎಷ್ಟು ಮಾರಾಯ್ರೆ? ಮೊನ್ನೆಯಷ್ಟೇ ವಂತಿಗೆ ಕೊಟ್ಟಿದ್ದೆನಲ್ಲ” ಅಂದರು.

ಇದು ಸುಮ್ನೆ ಪದದ ಹಟ ಅಲ್ಲ. ಪತ್ರ ನಿಲ್ಲಿಸುವ ಗುಂಡಿ ಅರ್ಥವಾಗದಿದ್ದರೆ ಜನ ಸ್ಪ್ಯಾಮ್ ಅಂತ ಒತ್ತಿಬಿಡುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ದೂರುಗಳ ಪ್ರಮಾಣ 0.3%ಕ್ಕಿಂತ ಕೆಳಗಿರಬೇಕು ಅಂತ ನಿಯಮ ಮಾಡಿದೆ. ಅಂದರೆ ಸಾವಿರಕ್ಕೆ ಮೂವರು ಒತ್ತಿದರೂ ಜಾಸ್ತಿಯೇ, ಆಮೇಲೆ ನಮ್ಮ ಪತ್ರ ನಿಜವಾಗಿ ಬೇಕಾದವರಿಗೂ ಇನ್‌ಬಾಕ್ಸ್‌ಗೆ ಬರದೆ ಸ್ಪ್ಯಾಮಿಗೆ ಹೋಗಬಹುದು.

ಹಾಗಾದರೆ ‘ಪತ್ರ ಬೇಡ’ ಅಂತ ಹಾಕಿದರೆ ಆಯಿತಲ್ಲ ಅಂತೀರಿ. ನಾನೂ ಹಾಕಿ ನೋಡಿದೆ. ಪತ್ರದ ಕೊನೆಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಪ್ಲಗಿನ್ ಅದೇ ‘ಅನ್‌ಸಬ್‌ಸ್ಕ್ರೈಬ್’ ಅನ್ನು ನಾವು ಪಟ್ಟಿ ತಿದ್ದುವ ಪುಟದಲ್ಲೂ ಪ್ರತಿಯೊಬ್ಬರ ಹೆಸರಿನ ಮುಂದೆ ತೋರಿಸುತ್ತದೆ. ಅಲ್ಲಿ ಹೆಸರಿನ ಎದುರು ‘ಪತ್ರ ಬೇಡ’ ಅಂತ ಕಂಡರೆ ಇವರು ಆಗಲೇ ಬೇಡ ಅಂದಿದ್ದಾರೆ ಅಂತ ಓದಿಕೊಳ್ಳುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕಡೆ ನಡೆಯುತ್ತದೆ. ಒಂದೇ ಪದಕ್ಕೆ ಸಂದರ್ಭ ನೋಡಿ ಬೇರೆ ಬೇರೆ ಅನುವಾದ ಕೊಡುವ ಏರ್ಪಾಡು ವರ್ಡ್‌ಪ್ರೆಸ್‌ನಲ್ಲಿ ಇದೆ. ಈ ಪ್ಲಗಿನ್ ಬರೆದವರು ಅದನ್ನು ಮುಟ್ಟಿಯೇ ಇಲ್ಲ.

ವಿಭಕ್ತಿಯ ಕಥೆ ಇನ್ನೊಂದು. ‘ಇಂಥ ಪಟ್ಟಿಗೆ ಸೇರಿದ್ದೀರಿ’ ಅನ್ನುವ ಸಾಲಿನಲ್ಲಿ ಪಟ್ಟಿಯ ಹೆಸರಿಗೆ ಒಂದು ಖಾಲಿ ಜಾಗ, ಅದರ ಮುಂದೆ ನಾವು ‘ಗೆ’ ಅಂಟಿಸಬೇಕು. ನಮ್ಮ ಪಟ್ಟಿಗಳಿಗೆ ಊರಿನ ಹೆಸರು. ಉಡುಪಿಗೆ ಸರಿಹೋಯಿತು. ಮಂಗಳೂರು ‘ಮಂಗಳೂರುಗೆ’ ಆಯಿತು, ಕುಂದಾಪುರ ‘ಕುಂದಾಪುರಗೆ’ ಆಯಿತು. ಕೊನೆಗೆ ಖಾಲಿ ಜಾಗದ ಪಕ್ಕ ‘ವಿಭಾಗಕ್ಕೆ’ ಅಂತ ಸೇರಿಸಿ ತಪ್ಪಿಸಿಕೊಂಡೆ. ಇನ್ನು ಹೆಸರು. ಮೊದಲ ತುಂಡೇ ಕರೆಯುವ ಹೆಸರು ಅಂತ ಪ್ಲಗಿನ್‌ನ ಲೆಕ್ಕ. ನಮ್ಮಲ್ಲಿ ಇನಿಷಿಯಲ್ ಮೊದಲು ಬರುತ್ತದೆ. ಹಾಗಾಗಿ ಹಿರಿಯ ಅರ್ಥಧಾರಿಯೊಬ್ಬರಿಗೆ ‘ಪ್ರಿಯ ಕೆ.’ ಅಂತ ಪತ್ರ ಹೋಗಿದೆ! ಈಗ ಪೂರ್ತಿ ಹೆಸರು ಹಾಕಿ ‘ಅವರೇ’ ಸೇರಿಸಿದ್ದೇನೆ.

ಅನ್‌ಸಬ್‌ಸ್ಕ್ರೈಬ್‌ಗೆ ಸದ್ಯ ನನ್ನ ಮನಸ್ಸು ‘ಪತ್ರ ನಿಲ್ಲಿಸಿ’ ಕಡೆಗಿದೆ. ಓದುಗರು ನಮಗೆ ಹೇಳಿದರೂ, ನಾವು ಪ್ಲಗಿನ್‌ಗೆ ಹೇಳಿದರೂ ಮಾತು ಕೆಡುವುದಿಲ್ಲ. ‘ನಿರ್ಗಮಿಸಿ’ ಅಂತೂ ಬೇಡ, ಅದು ಸಿನಿಮಾ ಟಾಕೀಸಿನ ಬಾಗಿಲಿಗೇ ಇರಲಿ.

ಸಿಕ್ಕಿಹಾಕಿಕೊಂಡಿರುವುದು ಅದರ ಜೋಡಿ ಸಬ್‌ಸ್ಕ್ರೈಬ್‌ನಲ್ಲಿ. ‘ಪತ್ರ ಕಳಿಸಿ’ ಅಂದರೆ ಸೆಂಡ್ ಗುಂಡಿಯ ಜೊತೆ ಗೊಂದಲ. ‘ಪತ್ರ ತರಿಸಿಕೊಳ್ಳಿ’ ಓದುಗರಿಗೆ ಹೊಂದುತ್ತದೆ, ನಾವೇ ಯಾರನ್ನಾದರೂ ಪಟ್ಟಿಗೆ ಸೇರಿಸುವಾಗ ಹೊಂದುವುದಿಲ್ಲ. ‘ಹೆಸರು ಸೇರಿಸಿ’ ಹೇಗೆ? ಎರಡೂ ಕಡೆ ನಡೆಯುತ್ತದೆ ಅನಿಸುತ್ತದೆ, ಆದರೆ ಯಾವುದಕ್ಕೆ ಸೇರಿಸುವುದು ಅಂತ ತಿಳಿಯುವುದಿಲ್ಲ.

ಜೊತೆಗೆ ಬೌನ್ಸ್‌ಗೂ, ಅಂದರೆ ತಲುಪದೆ ವಾಪಸಾದ ಪತ್ರಕ್ಕೂ, ಒಂದು ಮಾತು ಬೇಕು. ವಿಳಾಸವೇ ಇಲ್ಲದೆ ವಾಪಸಾದದ್ದು ಒಂದು, ಡಬ್ಬಿ ತುಂಬಿ ಸದ್ಯಕ್ಕೆ ವಾಪಸಾದದ್ದು ಇನ್ನೊಂದು. ಪ್ಲಗಿನ್ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ, ಚೆಕ್ ಬೌನ್ಸ್ ಕೇಳಿ ಕೇಳಿ ಬೌನ್ಸ್ ಅಂತಲೇ ಬಿಡೋಣ ಅಂತಾರೆ ಸಂಘದವರು.

ಬಲ್ಲವರು ಹೇಳಿ. ಗುಂಡಿ ಚಿಕ್ಕದು. ಎರಡು ಪದ ದಾಟಿದರೆ ಮೊಬೈಲಿನಲ್ಲಿ ಕೆಳಗಿನ ಸಾಲಿಗೆ ಇಳಿದು ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ.