ಸಹಾಯ ಬೇಕು: ಈಥರ್ನೆಟ್ ಚಿಪ್‌ನ ಪೂರ್ತಿ ಮ್ಯಾನ್ಯುಯಲ್ ತರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಸಣ್ಣ ಯೂನಿಟ್ ನಮ್ಮದು. ಬೋರ್ಡ್‌ನಲ್ಲಿರೋ ಗಿಗಾಬಿಟ್ ಫೈ ಚಿಪ್ (ಈಥರ್ನೆಟ್ ಕೇಬಲ್ ಕಡೆಯ ಸಿಗ್ನಲ್ ನೋಡ್ಕೊಳ್ಳೋ ಚಿಪ್) 100 ಎಂಬಿಪಿಎಸ್‌ನಲ್ಲಿ ಸರಿಯಾಗಿದೆ. 1000ದಲ್ಲಿ ಲಿಂಕ್ ಬರುತ್ತೆ, ಆದ್ರೆ ಬರೀ ಸಿಆರ್‌ಸಿ ಎರರ್, ಅಂದ್ರೆ ಡೇಟಾ ಕೆಟ್ಟು ಬರುತ್ತೆ. ಪ್ರೊಸೆಸರ್‌ಗೂ ಈ ಚಿಪ್‌ಗೂ ನಡುವಿನ ಆರ್‌ಜಿಎಂಐಐ ಸಂಪರ್ಕದ ಕ್ಲಾಕ್‌ಗೆ ಸುಮಾರು 2 ನ್ಯಾನೊಸೆಕೆಂಡ್ ಡಿಲೇ ಬೇಕು. ಬೋರ್ಡ್‌ನ ಟ್ರೇಸ್‌ನಲ್ಲಿ (ತಾಮ್ರದ ಗೆರೆ) ಕೊಟ್ಟಿಲ್ಲ, ಪ್ರೊಸೆಸರ್‌ನಲ್ಲೂ ಆ ಸೌಲಭ್ಯ ಇಲ್ಲ, ಹಾಗಾಗಿ ಚಿಪ್ ಒಳಗೇ ಆನ್ ಮಾಡ್ಬೇಕು. ಅದಕ್ಕೆ ಚಿಪ್‌ನ ರಿಜಿಸ್ಟರ್‌ನಲ್ಲಿ (ಸೆಟ್ಟಿಂಗ್ ಇರೋ ಜಾಗ) ಬರೀಬೇಕು. 0ಯಿಂದ 15ರವರೆಗಿನ ರಿಜಿಸ್ಟರ್ ಈಥರ್ನೆಟ್ ಸ್ಟ್ಯಾಂಡರ್ಡ್‌ನಲ್ಲೇ ಇವೆ. 16ರಿಂದ 31 ತಯಾರಕರಿಗೆ ಬಿಟ್ಟದ್ದು, ವಿವರ ಅವರ ಮ್ಯಾನ್ಯುಯಲ್‌ನಲ್ಲಿ ಮಾತ್ರ.

ವೆಬ್‌ಸೈಟ್‌ನಲ್ಲಿ ಸಿಗೋದು ಪ್ರಾಡಕ್ಟ್ ಬ್ರೀಫ್ (ಚಿಕ್ಕ ಪರಿಚಯ ಪತ್ರ) ಅಷ್ಟೇ. ಲಿನಕ್ಸ್ ಡ್ರೈವರ್‌ನಲ್ಲಿ ವಿವರಣೆಯಿಲ್ಲದ ಹೆಕ್ಸ್ ಸಂಖ್ಯೆಗಳಿವೆ, ಅದೂ ಹಳೇ ರಿವಿಷನ್‌ದು. ಅದನ್ನ ನಂಬಿ ಬರೆಯೋದು ಅಪಾಯ. ಕಂಪನಿ ಇಮೇಲ್‌ನಿಂದಲೇ ಪಾರ್ಟ್ ನಂಬರ್, ರಿವಿಷನ್, ವರ್ಷಕ್ಕೆ ಎಷ್ಟು ಬೇಕು ಅಂತ ತಯಾರಕರಿಗೆ ಬರೆದ್ರೆ ಡಿಸ್ಟ್ರಿಬ್ಯೂಟರ್ ಕಡೆ ಕಳಿಸ್ತಾರೆ. ಡಿಸ್ಟ್ರಿಬ್ಯೂಟರ್‌ನವರೋ, ಮೊದಲು ತಯಾರಕರ ಜೊತೆ ಎನ್‌ಡಿಎ (ಮಾಹಿತಿ ಗುಟ್ಟಾಗಿಡೋ ಒಪ್ಪಂದ) ಆಗ್ಲಿ ಅಂತಾರೆ.

ಕಡಿಮೆ ಕ್ವಾಂಟಿಟಿ ಇರೋರು ಎನ್‌ಡಿಎಯನ್ನ ನೇರ ತಯಾರಕರ ಜೊತೆ ಮಾಡ್ಕೋಬೇಕಾ, ಇಲ್ಲ ಡಿಸ್ಟ್ರಿಬ್ಯೂಟರ್‌ನ ಅಪ್ಲಿಕೇಶನ್ ಎಂಜಿನಿಯರ್ ಮೂಲಕವಾ? ಬೆಂಗಳೂರಲ್ಲಿ ಹೀಗೆ ಪಡೆದವರು ಯಾರ ಹತ್ರ ಶುರು ಮಾಡಿದ್ರಿ?